ಅಳಬಾರದ ಮನೆ

ನೆರೆ ಬಂದಾಗ ಊರಿಗೆ ಎಲ್ಲರೂ ಬರುತ್ತಾರೆ. ಬಿಸ್ಕತ್ತು ತರುವವರು, ಚಾದರ ತರುವವರು, ತಮ್ಮ ಮನೆಯಲ್ಲಿ ಯಾರೂ ಉಡದ ಸೀರೆಗಳನ್ನು ಗಂಟು ಕಟ್ಟಿ ತರುವವರು, ಏನೂ ತರದೆ ಫೋಟೊ ತೆಗೆಸಿಕೊಂಡು ಹೋಗುವವರು. ಇವರೆಲ್ಲ ಹೋದ ಮೇಲೆ ನನ್ನ ಕೆಲಸ ಶುರುವಾಗುತ್ತದೆ. ಹುಮನಾಬಾದಿನ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ನೌಕರಿ. ಮುಳುಗಿದ ಊರುಗಳ ಜೊತೆ ವರ್ಷಗಟ್ಟಲೆ ಇರಬೇಕು. ಬಾವಿಯ ರಾಡಿ ತೆಗೆಸಬೇಕು, ಹೊಲದ ಮೇಲೆ ಕೂತ ಮರಳು ಎತ್ತಿಸಬೇಕು, ಸಾಲೆ ಬಿಟ್ಟ ಹುಡುಗಿಯರನ್ನು ಮತ್ತೆ ಸಾಲೆಗೆ ಅಟ್ಟಬೇಕು, ಮನೆ ಕಟ್ಟಿಸುವ ಗುತ್ತಿಗೆದಾರನ ಬೆನ್ನು ಬಿಡಬಾರದು. "ನಿನ್ನ ನೆರಿ ಇನ್ನಾ ಇಳದಿಲ್ಲೇನು?" ಎಂದು ನಾನು ಬೆಳಿಗ್ಗೆ ಬುತ್ತಿ ಕಟ್ಟಿಕೊಳ್ಳುವಾಗ ನನ್ನ ಗಂಡ ಕಾಲೆಳೆಯುತ್ತಾರೆ. ಇಳಿದಿಲ್ಲ ಎನ್ನುತ್ತೇನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು; ಹೆಚ್ಚು ಮಾತಾಡಿದರೆ ಬುತ್ತಿ ಬಿಟ್ಟೇ ಹೋಗುತ್ತೇನೆಂದು ಅವರಿಗೂ ಗೊತ್ತು.

ನಾನು ಹೇಳುತ್ತಿರುವ ಊರು ಬಸವಕಲ್ಯಾಣದಿಂದ ಹುಲಸೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದಿದೆ. ಹುಮನಾಬಾದಿನಲ್ಲಿ ಬಸ್ಸು ಹತ್ತಿ, ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಇಳಿದು, ಟಂಟಂ ಆಟೊ ಹಿಡಿದು ಕಲ್ಯಾಣ. ಅಲ್ಲಿಂದ ಇನ್ನೊಂದು ಬಸ್ಸು. ಕೊನೆಗೆ ತೊಗರಿ, ಸೋಯಾ ಹೊಲಗಳ ನಡುವೆ ನಡಿಗೆ. ಊರಿನ ಕೆಳಗೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಕುರಿ ದಾಟಿದರೂ ಗೊರಸು ಒದ್ದೆಯಾಗದ ಹಳ್ಳ. ಅದಕ್ಕೆ ಹೆದರಬೇಕು ಎಂದು ಆ ಊರಿನಲ್ಲಿ ಯಾರಿಗೂ ಯಾವತ್ತೂ ಅನ್ನಿಸಿರಲಿಲ್ಲ. ಆ ಮಳೆಗಾಲ ವಾರಗಟ್ಟಲೆ ಬಿಡದೆ ಹೊಯ್ದಿತ್ತು. ಒಂದು ಬೆಳಿಗ್ಗೆ ಮೇಲಿನ ಕೆರೆಯ ಏರಿ ಒಡೆಯಿತು. ಕೆಳಗಿನ ಓಣಿಯ ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಮೊದಲೇ ಸುಸ್ತಾಗಿದ್ದವು. ನೀರು ಬಂದು ಮುಟ್ಟಿದ್ದೇ ತಡ ಕುಸಿದು ಕೂತವು. ಜನ ಮಾರುತಿ ಗುಡಿಯ ಕಟ್ಟೆ, ಸಾಲೆಯ ಮೇಲ್ಛಾವಣಿ, ಕೈಗೆ ಸಿಕ್ಕ ಎತ್ತರ ಹಿಡಿದು ಉಳಿದರು. ಒಬ್ಬ ಮಾತ್ರ ಉಳಿಯಲಿಲ್ಲ.

ಅವನ ತಾಯಿಯನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು. ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ, ಮಾತು ಕತ್ತರಿಸಿದಂತೆ ಆಡುವ ಹೆಂಗಸು. ಮಗ ಒಬ್ಬನೇ. ಅವನಿಗೆ ಮದುವೆಯಾಗಿ ಹಲವು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಸೊಸೆಗೆ ಮೂವತ್ತು ದಾಟಿರಬಹುದು. ಹುಮನಾಬಾದಿನ ಕಡೆಯ ಹಳ್ಳಿಯ ಹೆಣ್ಣುಮಗಳು, ಕೆಲಸ ಚುರುಕು, ಬಾಯಿ ಕಡಿಮೆ.

ನೀರು ಬಂದ ದಿನ ಬೆಳಿಗ್ಗೆ ಆ ಮಗ ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತಿದ್ದ. ಕೊರಳಿನ ಕರಡಿಗೆಯಿಂದ ತೆಗೆದ ಇಷ್ಟಲಿಂಗ ಎಡ ಅಂಗೈಯ ಮೇಲಿತ್ತು. ನಮ್ಮಲ್ಲಿ ಪೂಜೆಗೆ ಕುಳಿತವರನ್ನು ಯಾರೂ ಮಾತಾಡಿಸುವುದಿಲ್ಲ. ನೆಂಟರು ಬಂದರೂ ಹೊರಗೆ ಕಾಯುತ್ತಾರೆ, ಹಾಲು ಉಕ್ಕಿದರೂ ಬೇರೆಯವರೇ ಏಳುತ್ತಾರೆ. ಅಂದು ಅವನು ಅರ್ಧಕ್ಕೇ ಎದ್ದ. ಲಿಂಗವನ್ನು ಗೋಡೆಯ ಗೂಡಿನಲ್ಲಿಟ್ಟು, ಹಳ್ಳದ ದಂಡೆಯ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಬಿಚ್ಚಲು ಓಡಿದ. ಎಮ್ಮೆ ಈಜಿಕೊಂಡು ಬಂತು. ಅವನು ಬರಲಿಲ್ಲ. ಹಳ್ಳದ ಗುಂಟ, ಅದು ಸೇರುವ ಹೊಳೆಯ ಗುಂಟ ಬಹಳ ದೂರದವರೆಗೆ ಹುಡುಕಿದರು. ಶವ ಸಿಗಲಿಲ್ಲ. ಮನೆಯಲ್ಲಿ ಮೂರು ಗೋಡೆ ಬಿದ್ದು, ಗೂಡಿದ್ದ ಗೋಡೆಯೊಂದೇ ನಿಂತಿತ್ತು. ಲಿಂಗ ಇಟ್ಟಲ್ಲಿಯೇ ಇತ್ತು.

ನಾನು ಆ ಊರಿಗೆ ಮೊದಲ ಸಲ ಹೋದಾಗ ಓಣಿಯ ಜನರೆಲ್ಲ ತಗಡಿನ ಶೆಡ್ಡುಗಳಲ್ಲಿದ್ದರು. ಒಂದು ಶೆಡ್ಡಿನಲ್ಲಿ ಕೆಮ್ಮಿದರೆ ಐದನೆಯ ಶೆಡ್ಡಿನವರು ಔಷಧ ಹೇಳುವಂಥ ಜಾಗ. ಪ್ರತಿ ಶೆಡ್ಡಿನಲ್ಲೂ ಯಾವುದೋ ಒಂದಕ್ಕಾಗಿ ಯಾರೋ ಅಳುತ್ತಿದ್ದರು: ಕೊಚ್ಚಿಹೋದ ಜೋಳದ ಚೀಲಕ್ಕೆ, ಮಗಳ ಮದುವೆಗೆ ಇಟ್ಟಿದ್ದ ಸೀರೆಗೆ, ಸತ್ತ ಆಡಿಗೆ. ಮನುಷ್ಯನನ್ನೇ ಕಳೆದುಕೊಂಡ ಶೆಡ್ಡಿನಲ್ಲಿ ಮಾತ್ರ ಸದ್ದೇ ಇರಲಿಲ್ಲ. ಆಯಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಸೊಸೆ ಒಲೆಯ ಮುಂದಿದ್ದಳು. ನಾನು ರೂಢಿಯಂತೆ, "ಹಿಂಗಾಗಬಾರದಿತ್ತು ಆಯಿ" ಎಂದು ಶುರು ಮಾಡಿದೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಯಿ ಮೊರ ಕೆಳಗಿಟ್ಟಳು.

"ತಂಗಿ, ಈ ಮನ್ಯಾಗ ಆ ಮಾತು ಬ್ಯಾಡ. ಅಂವಾ ಬರಾಂವ ಇದ್ದಾನ. ಬರಾವರ ಹೆಸರಲೆ ಯಾರರ ಅಳ್ತಾರೇನು?"

ಆಮೇಲೆ ಸೊಸೆಯ ಕಡೆ ತಿರುಗಿ, "ನೀನೂ ಅಳಬ್ಯಾಡ. ಚಾ ಮಾಡು" ಎಂದಳು.

ಶೆಡ್ಡೂ ಒಂದು ಮನೆ ಎನ್ನುವುದಾದರೆ, ಆ ಮನೆಯ ಕಾನೂನು ಅದು. ಆಯಿ ದಿನಾಲು ಎರಡು ಪೂಜೆ ಮಾಡುತ್ತಿದ್ದಳು. ಮೊದಲು ತನ್ನ ಲಿಂಗಕ್ಕೆ, ಆಮೇಲೆ ಮಗನ ಲಿಂಗಕ್ಕೆ. ಎರಡೂ ಮುಗಿಯುವವರೆಗೆ ನೀರು ಕೂಡ ಕುಡಿಯುತ್ತಿರಲಿಲ್ಲ. ಮೊದಮೊದಲು ಊರಿನ ಹೆಂಗಸರು ಸಮಾಧಾನ ಹೇಳಲು ಬಂದರು. ಆಯಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಳೆ, ಬೆಳೆ, ಸೊಸೈಟಿಯ ಬೀಜದ ಮಾತಾಡಿ ಕಳಿಸುತ್ತಿದ್ದಳು. ಬರಬರುತ್ತ ಅವರೂ ಬರುವುದು ಬಿಟ್ಟರು.

ಊರಿನ ಅಯ್ಯನವರು ಒಮ್ಮೆ ಧೈರ್ಯ ಮಾಡಿದರು. ನಮ್ಮಲ್ಲಿ ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮಣ್ಣು ಮಾಡಿಸುವವರೆಗೆ ಎಲ್ಲ ಅವರದೇ. ಮೃದು ಮಾತಿನ ಮನುಷ್ಯ. ಆಯಿಯ ಮುಂದೆ ಇನ್ನೂ ಮೃದು. ಸತ್ತವರನ್ನು ನಾವು ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಕುಣಿ ತೋಡಿ, ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಕೊಡುತ್ತೇವೆ. "ದೇಹ ಇಲ್ಲದಿದ್ರೂ ಲಿಂಗ ಅದಲ್ರಿ ಆಯಿ, ಅದನ್ನೇ ಇಟ್ಟು ಮಾಡಬೋದು" ಎಂದರು ಅಯ್ಯನವರು.

"ಅಂವಂದು ಪೂಜಿ ಅರ್ಧಕ್ಕ ನಿಂತದ. ಬಂದು ಮುಗಸ್ತಾನ. ನಿಮಗ್ಯಾಕ ಫಿಕರು?" ಎಂದಳು ಆಯಿ. ಅಯ್ಯನವರು ಚಹಾ ಕೂಡ ಕುಡಿಯದೆ ಹೋದರು.

ತಿಂಗಳುಗಳು ಉರುಳಿದವು. ಹೊಲಗಳ ಮರಳು ಎತ್ತಿಸಿದೆವು. ಬಾವಿಯಲ್ಲಿ ಕಾಣುವಂಥ ನೀರು ಬಂತು. ನಾಲ್ಕಾರು ಹೆಂಗಸರಿಗೆ ಹೊಲಿಗೆ ಯಂತ್ರ ಕೊಡಿಸಿದೆವು, ಸೊಸೆಯೂ ಅವರಲ್ಲೊಬ್ಬಳು. ಆ ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತವರು ಬೆಂದು ಹೋದರು. ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೆ ಬಂದು ಬೀಳುತ್ತಿದ್ದರು. ಹೊಸ ಮನೆಗಳಿಗೆ ಊರಿನ ಮೇಲಿನ ಕೆಂಪು ಮುರುಮಿನ ದಿಬ್ಬದ ಮೇಲೆ ಜಾಗ ಸಿಕ್ಕಿತು. ಮೋಡ ಕಟ್ಟಿದರೆ ಸಾಕು, ಹೆಂಗಸರು ಹಿಟ್ಟಿನ ಡಬ್ಬಿ, ಪಾತ್ರೆ ಎತ್ತಿ ಮೇಲಿಡಲು ಶುರು ಮಾಡುತ್ತಿದ್ದರು. ಶೆಡ್ಡುಗಳವರೆಗೆ ನೀರು ಬರುವುದಿಲ್ಲವೆಂದು ಎಷ್ಟು ಹೇಳಿದರೂ ಅಷ್ಟೇ. "ಹೌದ್ರಿ ಅಕ್ಕೋರ, ಬರಂಗಿಲ್ಲ" ಎನ್ನುತ್ತಲೇ ಡಬ್ಬಿ ಎತ್ತುತ್ತಿದ್ದರು.

ಆ ಎಮ್ಮೆ ಕರು ಹಾಕಿತು. ಹಾಲು ಚೆನ್ನಾಗಿ ಕೊಡುತ್ತಿತ್ತು. ಅತ್ತೆ ಸೊಸೆ ಇಬ್ಬರಿಗೂ ಅದೇ ಜೀವನಾಧಾರ. ನಮ್ಮ ಸಂಸ್ಥೆಯ ಮೇಲಿನವರು ಒಮ್ಮೆ ಊರು ನೋಡಲು ಬಂದರು. ಕಾರಿನಿಂದ ಇಳಿದವರಿಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಆ ಎಮ್ಮೆ. ಅದರ ಪಕ್ಕದಲ್ಲಿ ಸೊಸೆಯನ್ನು ನಿಲ್ಲಿಸಿ, ಸ್ವಲ್ಪ ನಗಬೇಕು ಎಂದರು. ಆಕೆ ನಕ್ಕಳು. ಚೇತರಿಸಿಕೊಂಡ ಕುಟುಂಬ ಎಂದು ಆ ಫೋಟೊ ಎಲ್ಲೆಲ್ಲೋ ಓಡಾಡಿತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ನಾನು ಆ ಹೊತ್ತಿಗೆ ಒಂದು ಸಂಗತಿ ಗಮನಿಸಿದ್ದೆ. ನಮಗೆಲ್ಲ ಆ ಎಮ್ಮೆಯ ಹಾಲು ಹಾಕಿ ಚಹಾ ಮಾಡುವ ಆ ಹೆಣ್ಣುಮಗಳು, ಹಾಲು ಬೆರೆಸುವ ಮೊದಲೇ ತನ್ನ ಪಾಲಿನದನ್ನು ಸೋಸಿಕೊಂಡು ಕರಿ ಚಹಾ ಕುಡಿಯುತ್ತಿದ್ದಳು. ಯಾಕೆಂದು ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಅವಳ ಅಣ್ಣ ಒಮ್ಮೆ ಕರೆದೊಯ್ಯಲು ಬಂದಿದ್ದ. ನಾನೂ ಅಲ್ಲಿಯೇ ಇದ್ದೆ. ಶೆಡ್ಡಿನ ಹೊರಗೆ ಕರೆದು ತಂಗಿಗೆ ಮೆಲ್ಲಗೆ ಹೇಳಿದ, "ನಡಿ ತಂಗಿ, ಎಷ್ಟ್ ದಿನ ಹಿಂಗ ಹೈರಾಣಾಗ್ತಿ? ನಮ್ಮ ಮನಿ ಏನ್ ಸಣ್ಣದದ?"

"ಏನಂತ ಕರ್ಕೊಂಡ್ ಹೋಗ್ತಿ ಅಣ್ಣಾ? ಗಂಡ ಸತ್ತಾಕಿ ಅಂತೋ, ಗಂಡ ಊರಾಗ ಇಲ್ಲದಾಕಿ ಅಂತೋ? ಅಲ್ಲಿ ಯಾರರ ಕೇಳಿದ್ರ ನೀ ಏನ್ ಹೇಳ್ತಿ?"

ಅಣ್ಣ ಮತ್ತೆ ಆ ಮಾತು ಎತ್ತದೆ ಒಳಗೆ ಬಂದ. ಊಟ ಮಾಡಿ ಹೋದ.

ಮರುವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆಕೆ ಹುಮನಾಬಾದಿನ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಹೊಲಿಗೆ ಯಂತ್ರದ ಯಾವುದೋ ಸಾಮಾನು ತರಬೇಕೆಂದು ಅತ್ತೆಗೆ ಹೇಳಿ ಬಂದಿದ್ದಳಂತೆ. ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಸಾಮಾನೂ ಇತ್ತು. ಕೂತು ನೀರು ಕುಡಿದು, ಸೆರಗಿನ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಕೇಳಿದಳು.

"ಅಕ್ಕೋರ, ನಂಗ ಒಂದ್ಸಲ ಅಳಬೇಕಾಗ್ಯಾದ್ರಿ. ನಿಮ್ಮ ಮನ್ಯಾಗ ಅತ್ತು ಹೋಗ್ಲೇನ್ರಿ?"

ಇಷ್ಟು ವರ್ಷಗಳಲ್ಲಿ ಜನ ನನ್ನನ್ನು ಏನೇನೋ ಕೇಳಿದ್ದಾರೆ. ತಗಡು ಕೇಳಿದ್ದಾರೆ, ಬೋರು ಕೇಳಿದ್ದಾರೆ, ಅಳಿಯನಿಗೆ ನೌಕರಿ ಕೇಳಿದ್ದಾರೆ. ಅಳಲು ಜಾಗ ಕೇಳಿದವಳು ಇವಳೊಬ್ಬಳೇ. ಗಂಡನನ್ನು ಕಾಯಿಪಲ್ಯೆ ತರಲು ಅಟ್ಟಿದೆ. "ಮನ್ಯಾಗ ಎಲ್ಲಾ ಅದಲ್ಲ?" ಎಂದವರು ನನ್ನ ಮುಖ ನೋಡಿ ಚಪ್ಪಲಿ ಹಾಕಿಕೊಂಡರು. ಬಾಗಿಲು ಮುಂದೆ ಮಾಡಿ ಬಂದು ಅವಳ ಪಕ್ಕದಲ್ಲಿ ಕೂತೆ.

ಅಳು ಬರಲಿಲ್ಲ. ಬಹಳ ಹೊತ್ತು ಕೂತೆವು. ಗಡಿಯಾರದ ಸದ್ದು, ಬೀದಿಯಲ್ಲಿ ಹಣ್ಣು ಮಾರುವವನ ಕೂಗು. ಆಕೆ ಒಂದೆರಡು ಸಲ ಉಸಿರು ಎಳೆದುಕೊಂಡು ಬಿಟ್ಟಳು, ಅಷ್ಟೇ. ನನಗೆ ತಡವಾಗಿ ಹೊಳೆಯಿತು. ನಮ್ಮ ಕಡೆಯ ಹಳ್ಳಿಗಳ ಹೆಂಗಸರು ಸತ್ತವರಿಗಾಗಿ ಒಬ್ಬರೇ ಕೂತು ಅಳುವುದಿಲ್ಲ. ಒಬ್ಬಾಕೆ ಇನ್ನೊಬ್ಬಳ ಕೊರಳಿಗೆ ಬಿದ್ದು, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವನು ಹೇಗಿದ್ದ, ಏನು ತಿನ್ನುತ್ತಿದ್ದ, ಯಾರು ಅವನಿಗೆ ಏನು ಮಾಡಿದರು, ಯಾರು ಏನು ಮಾಡಲಿಲ್ಲ, ಎಲ್ಲ ಆ ರಾಗದಲ್ಲಿ ಹೊರಗೆ ಬರುತ್ತದೆ. ಮಾವನ ಜಿಪುಣತನ, ನಾದಿನಿಯ ಬಾಯಿ, ಗಂಡನ ಕುಡಿತ, ಯಾವುದನ್ನೂ ಬಿಡುವುದಿಲ್ಲ. ಅಳುವಾಗ ಆಡಿದ ಮಾತನ್ನು ಆಮೇಲೆ ಯಾರೂ ಎತ್ತಿ ಆಡುವಂತಿಲ್ಲ, ಅದಕ್ಕೆ ಜಗಳ ತೆಗೆಯುವಂತಿಲ್ಲ. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ಮುಂದುವರಿಸುತ್ತಾಳೆ. ನನಗೆ ಅದು ಬರುವುದಿಲ್ಲ. ನನ್ನ ತಾಯಿಗೆ ಬರುತ್ತಿತ್ತು. ನಮ್ಮ ತಲೆಮಾರು ಪೇಟೆ ಸೇರಿ ಮೂಗು ಒರೆಸಿಕೊಳ್ಳುವುದನ್ನಷ್ಟೇ ಕಲಿಯಿತು. ಆದರೂ ಅವಳನ್ನು ತಬ್ಬಿಕೊಂಡು, "ನಾನೇ ಶುರು ಮಾಡ್ಲೇನು?" ಎಂದೆ.

"ನಿಮಗ ಅಂವಾ ಗೊತ್ತೇ ಇಲ್ಲಲ್ರಿ ಅಕ್ಕೋರ" ಎಂದಳು. ಇಬ್ಬರಿಗೂ ನಗು ಬಂತು. ಆ ನಗುವಿನ ಬೆನ್ನಿಗೇ ಆಕೆ ಹೇಳಿದಳು.

"ಬಾಯಿ ತೆರದ್ರ ಮೊದಲ ಒಂದೇ ಮಾತು ಬರತದ್ರಿ ನಂಗ. ಪೂಜಿ ಮಾಡಾಂವಗ ಎಬ್ಬಿಸಿದಾಕಿ ನಮ್ಮ ಅತ್ತೀನೇ. ನಾ ಒಲಿ ಮುಂದ ಇದ್ದೆ. 'ಏಳೋ, ನೀರು ಬರಾಕತ್ತದ, ಎಮ್ಮಿ ಬಿಚ್ಚಿ ಬಾ' ಅಂದ್ರು. ಅಂವಾ ಕಣ್ಣ ತೆರೀಲಿಲ್ಲ. ಮತ್ತೊಮ್ಮೆ ಅಂದ್ರು. ಆವಾಗ ಎದ್ದ. ಊರಾಗ ಇದು ಯಾರಿಗೂ ಗೊತ್ತಿಲ್ಲ."

ಹೊರಗೆ ಹಣ್ಣಿನವನು ಮುಂದಿನ ಓಣಿಗೆ ಹೋಗಿದ್ದ.

"ಅತ್ತಿಗೂ ಗೊತ್ತದ, ನಾ ಅತ್ರ ಏನಂತೀನಂತ. ಅದಕ್ಕ ಅಳಬ್ಯಾಡ ಅಂತಾರ. ಎಲ್ಲಾರ ಮುಂದ ಆ ಮಾತು ಬಂದ್ರ ಆಕಿ ಉಳೀತಾಳೇನ್ರಿ? ಆಕೀನೂ ಹೋದ್ರ ನಾ ಯಾರ ಸಂಗಟ ಇರ್ಲಿ?"

ನಾನು ಚಹಾ ಮಾಡಿದೆ. ಅಂಗಡಿಯ ಪಾಕೀಟಿನ ಹಾಲು ಹಾಕಿದ ಚಹಾವನ್ನು ಆಕೆ ಎರಡು ಬಟ್ಟಲು ಕುಡಿದಳು. ಬಸ್ ನಿಲ್ದಾಣದವರೆಗೆ ಹೋಗಿ ಹತ್ತಿಸಿ ಬಂದೆ. ಕಿಟಕಿಯಿಂದ, "ಆರಾಮಾಯ್ತು ನೋಡ್ರಿ" ಎಂದಳು. ಆರಾಮವೇನೂ ಆಗಿರಲಿಲ್ಲ. ಮನೆಗೆ ಬಂದು ನಾನು ಕಾಯಿಪಲ್ಯೆಯ ಚೀಲ ಹಿಡಿದು ನಿಂತಿದ್ದ ಗಂಡನ ಮೇಲೆ ವಿನಾಕಾರಣ ಹಾರಾಡಿದೆ.

ಹೊಸ ಮನೆಗಳು ಮುಗಿದವು. ಜನ ದಿಬ್ಬ ಹತ್ತಿದರು. ಆಯಿ ಎರಡು ಲಿಂಗಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತಾನೇ ನಡೆದು ಬಂದಳು. ಹೊಸ ಮನೆಯಲ್ಲೂ ಅದೇ ಕಾನೂನು. ಗೋಡೆ ಗಟ್ಟಿಯಾಗಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ನಮ್ಮ ಲೆಕ್ಕದಲ್ಲಿ ಆ ಊರಿನ ಕೆಲಸ ಮುಗಿಯುತ್ತ ಬಂದಿತ್ತು. ಇನ್ನು ಬೇರೆ ಊರು ನೋಡಿಕೊಳ್ಳಿ ಎಂದು ಮೇಲಿನವರು ಹೇಳತೊಡಗಿದ್ದರು. ನಾನು ಏನಾದರೊಂದು ನೆಪ ಹೇಳಿ ಹೋಗುತ್ತಲೇ ಇದ್ದೆ.

ಅಷ್ಟರಲ್ಲಿ ಆಯಿಯ ಪಕ್ಕದ ಮನೆಯ ಮುದುಕಿ ತೀರಿಕೊಂಡಳು. ವಯಸ್ಸಾಗಿತ್ತು, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಹೋದಳು. ಸಾವುಗಳಲ್ಲೇ ಸುಖದ ಸಾವು. ಸುದ್ದಿ ತಿಳಿದು ನಾನೂ ಮಣ್ಣಿಗೆ ಹೋದೆ. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಒಬ್ಬೊಬ್ಬರೇ ಬಂದು ಮುದುಕಿಯ ಮಗಳ ಕೊರಳಿಗೆ ಬಿದ್ದು ಅಳು ಎತ್ತಿಕೊಳ್ಳುತ್ತಿದ್ದರು. ಹೀಗೆ ಅಳುವಾಗ ಎದುರಿಗಿರುವ ಸಾವಿನ ನೆಪದಲ್ಲಿ ಪ್ರತಿಯೊಬ್ಬಳೂ ತನ್ನ ತನ್ನ ಸತ್ತವರನ್ನೂ ಕರೆಯುತ್ತಾಳೆ. ನೀನು ಹೋಗುವ ದಾರಿಯಲ್ಲಿ ನನ್ನ ತಂದೆ ಸಿಕ್ಕರೆ ಹೀಗೆ ಹೇಳು, ನನ್ನ ಕೂಸು ಸಿಕ್ಕರೆ ಎತ್ತಿಕೋ ಎಂದು. ಅದು ಎಲ್ಲರಿಗೂ ಇರುವ ಹಕ್ಕು.

ಸೊಸೆಯ ಸರದಿ ಬಂತು. ಆಕೆ ಆ ಮಗಳ ಕೊರಳು ತಬ್ಬಿದಳು. ಮುದುಕಿ ತನಗೆ ಮಾಡಿಕೊಟ್ಟ ಉಪ್ಪಿನಕಾಯಿ, ಕಲಿಸಿದ ಕೌದಿ ಹೊಲಿಗೆ, ಎಲ್ಲವನ್ನೂ ನೆನೆದಳು. ದನಿ ಏರಿತು. "ನೀ ಹ್ವಾದ ದಾರ್ಯಾಗ, ನನ್ನವ್ವಾ, ನನ್ನ..." ಎಂದವಳು ಅಲ್ಲಿಗೆ ನಿಂತಳು. ತಲೆ ಎತ್ತಿದಳು. ಎದುರಿಗೆ ಗೋಡೆಗೆ ಆತು ಕೂತಿದ್ದ ಅತ್ತೆಯ ಮುಖ ನೋಡಿದಳು. ಸೆರಗಿನ ಮುದ್ದೆಯನ್ನು ಬಾಯಿಗೆ ತುರುಕಿಕೊಂಡು ಎದ್ದು ಹೊರಗೆ ಹೋದಳು. ಪಡಸಾಲೆಯಲ್ಲಿ ಆ ಗಳಿಗೆ ಎಲ್ಲರ ಅಳುವೂ ನಿಂತಿತು. ಮೂಲೆಯಲ್ಲಿದ್ದ ಯಾರೋ, "ಪಾಪದ ಕೂಸು" ಎಂದರು. ಆಯಿ ಎದ್ದು ಹೋಗಲಿಲ್ಲ, ಯಾರನ್ನೂ ಗದರಿಸಲಿಲ್ಲ. ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟು ನೋಡುತ್ತ ಕೂತಳು.

ಮುಂದಿನ ವಾರ ನಾನು ಹೋದಾಗ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಸೊಸೆ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಆಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಆವತ್ತ ನೋಡಿದ್ಯಲ್ಲ ತಂಗಿ, ಆಕಿ ನುಂಗಿದ್ದು?"

"ನೋಡೀನಿ ಆಯಿ."

"ದಿನಾ ನುಂಗಾಕತ್ತಾಳ. ನಾ ನೋಡೀನೂ ನೋಡದಂಗ ಇದ್ದೆ. ಮಂದಿ ಮನಿ ಸಾವಿನಾಗೂ ನನ್ನ ಮುಖ ನೋಡಿ ನುಂಗಿದಳು." ಡೈರಿಯ ದಾರಿಯ ಕಡೆ ಒಮ್ಮೆ ನೋಡಿದಳು. "ಅಂವಾ ಬರಂಗಿಲ್ಲಂತ ನಂಗ ಗೊತ್ತಿಲ್ಲೇನು? ಹಳ್ಳ ಇಳದ ದಿನಾನೇ ಗೊತ್ತು. ಅಯ್ಯನವರಿಗೆ ಹೇಳು. ಕುಣಿ ತೋಡಸ್ರಿ."

ಯಾಕೆ, ಹೇಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಮತ್ತು ಆ ಮನೆಯಲ್ಲಿ ಮೊದಲು ಅಳುವ ಹಕ್ಕು ನನ್ನದಾಗಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವರ ಹೊಲದಲ್ಲಿ ಊರು ಸೇರಿತು. ಸೊಸೆಯ ಅಣ್ಣನೂ ಬಂದಿದ್ದ. ಲಿಂಗವೊಂದನ್ನೇ ಇಡುವುದಲ್ಲವೇ, ಮೊಣಕಾಲುದ್ದ ತೋಡಿದರೆ ಸಾಕು ಎಂದು ಅಯ್ಯನವರು ಹೇಳಿದ್ದರು. ಆಯಿ ಒಪ್ಪಲಿಲ್ಲ. "ಅಂವಾ ಎತ್ತರದಾಂವ. ಪೂರಾ ತೋಡ್ರಿ" ಎಂದಳು. ಕುಣಿ ತೋಡುವವರು ಆಳುದ್ದ ತೋಡಿದರು. ಪಕ್ಕದ ಗೋಡೆಯಲ್ಲಿ ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಗೂಡು ಕೊರೆದರು. ಅದರೊಳಗೆ ಅವನ ಧೋತರ, ಅಂಗಿಗಳನ್ನು ಮಡಚಿಟ್ಟರು. ಅದರ ಮೇಲೆ ವಿಭೂತಿ, ಬಿಲ್ವಪತ್ರೆ. ಆಯಿ ಅಂದು ಬೆಳಿಗ್ಗೆ ಮಗನ ಲಿಂಗಕ್ಕೆ ಕಡೆಯ ಪೂಜೆ ಮಾಡಿ ತಂದಿದ್ದಳು. ತನ್ನ ಕೈಯಾರೆ ಅಯ್ಯನವರ ಕೈಗೆ ಕೊಟ್ಟಳು. ಅಯ್ಯನವರು ಕೆಳಗಿಳಿದು ಲಿಂಗವನ್ನು ಆ ಬಟ್ಟೆಗಳ ಮೇಲೆ, ಅಂಗೈ ಇರಬೇಕಾಗಿದ್ದ ಜಾಗದಲ್ಲಿ ಇಟ್ಟು ಬಂದರು. ನಾನು ಕುಣಿಯೊಳಗೆ ಇಣುಕಿದೆ. ಅಷ್ಟು ದೊಡ್ಡ ಜಾಗ, ಒಳಗೆ ಯಾರೂ ಇಲ್ಲ. ಹಿಂದೆ ಸರಿದೆ.

ಮಣ್ಣು ಹಾಕುವ ಮೊದಲು ಹೆಂಗಸರು ಅಳಬೇಕು. ಎಲ್ಲರೂ ಸೊಸೆಯ ಕಡೆ ನೋಡಿದರು. ಇಷ್ಟು ಕಾಲ ಇದಕ್ಕೇ ಕಾದವಳು ಕುಣಿಯ ಅಂಚಿನಲ್ಲಿ ಕಂಬದಂತೆ ನಿಂತಿದ್ದಳು. "ಅಳವ್ವಾ, ಅತ್ತುಬಿಡು" ಎಂದು ಹೆಂಗಸರು ಬೆನ್ನು ತಟ್ಟಿದರು. ಆಕೆ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಮೊದಲು ಬರುವ ಮಾತು ಯಾವುದೆಂದು ಅಲ್ಲಿ ನೆರೆದವರಲ್ಲಿ ಮೂವರಿಗಷ್ಟೇ ಗೊತ್ತಿತ್ತು. ನಾನು ಆ ಮೂವರಲ್ಲಿ ಒಬ್ಬಳು. 'ಬೇಡ' ಎಂದು ಮನಸ್ಸಿನಲ್ಲಿ ಅಂದುಕೊಂಡೆನೋ, 'ಹೇಳಿಬಿಡು' ಎಂದೆನೋ, ಇಂದಿಗೂ ನನಗೆ ತಿಳಿಯದು.

ಆಯಿ ಆ ಕಡೆಯಿಂದ ಕುಣಿ ಸುತ್ತಿ ಬಂದಳು. ಸೊಸೆಯ ಎದುರು ನಿಂತಳು. ಆಮೇಲೆ ಎರಡೂ ಕೈಗಳಿಂದ ಅವಳ ಕೊರಳು ತಬ್ಬಿ, ತಲೆಯನ್ನು ಅವಳ ಹೆಗಲಿಗೆ ಇಟ್ಟು, ದೊಡ್ಡ ದನಿಯಲ್ಲಿ, ಊರೆಲ್ಲ ಕೇಳುವಂತೆ ಅಳು ಎತ್ತಿಕೊಂಡಳು.

"ಪೂಜಿಗಿ ಕುಂತಿದ್ಯೋ ನನ್ನ ಮಗನಾ, ಅಂಗೈಯಾಗ ಲಿಂಗಿತ್ತೋ...
ಕುಂತಾಂವಗ ಏಳಂದೆನೋ, ಎರಡ ಸಲ ನಾ ಅಂದೆನೋ...
ಎಮ್ಮಿ ಹೋದೀತಂತ ನನ್ನ ಕೂಸಿನ ಕಳಿಸಿದೆನೋ...
ನಾ ಕಳಿಸಿದೆನೋ ಯಪ್ಪಾ, ಈ ಕೂಸಿನ ಗಂಡನ್ನ ನಾ ಕಳಿಸಿದೆನೋ..."

ಗಂಡಸರು ನೆಲ ನೋಡಿದರು. ಅಯ್ಯನವರು ಕಣ್ಣು ಮುಚ್ಚಿಕೊಂಡರು. ಸೊಸೆಯ ಗಂಟಲಿನಿಂದ ಮೊದಲು ಬಂದದ್ದು ಮಾತಲ್ಲ, ಒಂದು ಸದ್ದು. ಆಮೇಲೆ ಆಕೆಯ ಕೈಗಳು ಮೇಲೆದ್ದು ಅತ್ತೆಯ ಬೆನ್ನನ್ನು ಬಳಸಿದವು. ರಾಗ ಹಿಡಿಯಿತು. ತನ್ನ ಬಾಯಿಗೆ ಮೊದಲು ಬರುತ್ತದೆಂದು ಹೆದರಿದ್ದ ಮಾತನ್ನು ಅವಳು ಆಡಲೇ ಇಲ್ಲ.

"ತೊಯ್ದ ತಲೀಲೇ ಹ್ವಾದ್ಯೋ ನನ್ನ ದೊರಿ, ತಲಿ ಒರಸಲಿಲ್ಲೋ...
ಬಿಸಿ ರೊಟ್ಟಿ ಬಡದಿದ್ದೆನೋ, ಬುಟ್ಟ್ಯಾಗ ಆರಿ ಹೋತೋ...
ಎರಡು ಮಳಿಗಾಲ ಹ್ವಾದವೋ, ಅಳಲಿಲ್ಲೋ ನಾ ನಿನಗ..."

ಅಳು ಹೀಗೆ ಏರಿದಾಗ ಬಂದು ಬಿಡಿಸುವುದು, "ಸಾಕು, ಸಾಕು ಬಿಡ್ರವ್ವಾ" ಎನ್ನುವುದು ಅಲ್ಲಿದ್ದ ಹಿರಿಯ ಹೆಂಗಸಿನ ಕೆಲಸ. ಆ ಓಣಿಯಲ್ಲಿ ಹಿರಿಯಳೆಂದರೆ ಆಯಿಯೇ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಮುಂದೆ ಬರಲಿಲ್ಲ. ಸಲಿಕೆ ಹಿಡಿದವರು ಮಣ್ಣಿನ ಗುಡ್ಡೆಯ ಪಕ್ಕ ನಿಂತೇ ಇದ್ದರು. ಸೊಸೆ ಉಸಿರು ಸಾಲದೆ ಬಿಕ್ಕಿ, ದನಿ ಒಡೆದು, ಒಂದು ಗಳಿಗೆ ನಿಂತಳು. ರೂಢಿಯಾಗಿಬಿಟ್ಟಿದ್ದ ಕೈ ಸೆರಗಿನ ಕಡೆಗೆ ಹೋಯಿತು. ಆಯಿ ಆ ಕೈಯನ್ನು ಅರ್ಧದಲ್ಲೇ ಹಿಡಿದಳು.

"ಅಳು ನನ್ನ ಮಗಳಾ, ಇನ್ನಾ ಅಳು" ಎಂದಳು. "ಇನ್ನ ನಾ ಬ್ಯಾಡ ಅನ್ನಂಗಿಲ್ಲ."